ಕಣ್ಣೀರು ತರಿಸದ ಗಡ್ಡೆ

ನಮ್ಮ ಮನೆಗೆ ಬೇಸಿಗೆ ಬಂದದ್ದು ಗೊತ್ತಾಗುವುದು ಗೋಡೆಯ ಕ್ಯಾಲೆಂಡರಿನಿಂದಲ್ಲ, ನನ್ನ ಗಂಡನ ಅಂಗಿಯ ಕಿಸೆಯಿಂದ. ಶಿವರಾತ್ರಿ ಕಳೆದು ಚಳಿಯೆಲ್ಲ ಶಿವಶಿವಾ ಎಂದು ಹೊರಟುಹೋದ ಮೇಲೆ, ಒಂದು ಮುಂಜಾನೆ ಅತ್ತೆ ಬುಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತು, ಗುಂಡಗಿನ ಒಂದು ಉಳ್ಳಾಗಡ್ಡಿಯನ್ನು ಆರಿಸಿ, ಸೆರಗಿನಿಂದ ಒರೆಸಿ, ಕೆಲಸಕ್ಕೆ ಹೊರಟ ಮಗನ ಕಿಸೆಗೆ ಇಳಿಬಿಡುತ್ತಾರೆ. ಅಂದಿನಿಂದ ಮುಂಗಾರಿನ ಮಿರಗದ ಮಳೆ ಬೀಳುವವರೆಗೂ ಆ ಕಿಸೆ ದಿನಕ್ಕೊಂದು ಉಳ್ಳಾಗಡ್ಡಿಯಿಂದ ಉಬ್ಬಿಕೊಂಡೇ ಇರುತ್ತದೆ. ಉಳ್ಳಾಗಡ್ಡಿ ಮೈಮೇಲಿದ್ದರೆ ಬಿಸಿಲು ಬಡಿಯುವುದಿಲ್ಲ, ಮನುಷ್ಯನಿಗೆ ಹತ್ತಬೇಕಾದ ಝಳವನ್ನು ತಾನೇ ಕುಡಿದುಬಿಡುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಪುಸ್ತಕದವರು ಈರುಳ್ಳಿ ಎಂದು ನಾಜೂಕಾಗಿ ಕರೆಯುವ ಈ ಪದಾರ್ಥ ನಮ್ಮ ಅಬ್ಬಿಗೇರಿಯಲ್ಲಿ ಉಳ್ಳಾಗಡ್ಡಿ. ಅವಸರವಿದ್ದರೆ ಬರೀ ಗಡ್ಡಿ. ಈ ಅವಸರದ ಹೆಸರೇ ಹೋದ ಬೇಸಿಗೆಯಲ್ಲಿ ನನ್ನ ಜೀವ ತಿಂದಿತು.

ನಾನು ಹುಟ್ಟಾ ಅಂಜುಬುರುಕಿ ಎಂದು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀವು ಕಂಡುಹಿಡಿದು ನಗುವುದಕ್ಕಿಂತ ಅದು ವಾಸಿ. ಗ್ಯಾಸಿನ ಗುಂಡಿ ಆರಿಸಿ, ಬಾಗಿಲಿಗೆ ಬೀಗ ಹಾಕಿ, ಓಣಿಯ ತಿರುವಿನ ತನಕ ಹೋದವಳು ಮರಳಿ ಬಂದು ಗುಂಡಿಯನ್ನು ಇನ್ನೊಮ್ಮೆ ಮುಟ್ಟಿ ನೋಡುವ ಜಾತಿ ನನ್ನದು. ಬಸ್ಸಿನಲ್ಲಿ ಬಾಗಿಲ ಬಳಿ ನಿಂತ ಅಪರಿಚಿತರನ್ನೂ ಒಳಗೆ ಬರ್ರಿ ಎಂದು ಕರೆದು ಬೈಸಿಕೊಂಡಿದ್ದೇನೆ. ಹೊಲಿಗೆ ಯಂತ್ರದಲ್ಲಿ ಊರ ಹೆಂಗಸರ ಕುಪ್ಪಸ ಹೊಲಿಯುವ ನಾನು, ಮುರಿದ ಸೂಜಿಯ ತುಂಡು ಸಿಗುವವರೆಗೆ ಊಟಕ್ಕೆ ಏಳುವುದಿಲ್ಲ. ಇಂಥವಳು ಹಿತ್ತಲಲ್ಲಿ ಕೈಯಾರೆ ವಿಷ ಬೆಳೆಸುತ್ತಾಳೆ ಎಂದರೆ ನಂಬುವುದು ಕಷ್ಟ, ಆದರೆ ನಂಬಬೇಕು.

ಆ ವಿಷಕ್ಕೆ ನಮ್ಮಲ್ಲಿ ಸರಿಯಾದ ಹೆಸರಿಲ್ಲ. ಉಳ್ಳಾಗಡ್ಡಿಯ ಅಣ್ಣನಂತೆ ಕಾಣುವ, ಕಂದು ಸಿಪ್ಪೆಯ ದಪ್ಪ ಗಡ್ಡೆ ಅದು. ವರ್ಷವಿಡೀ ಸುಮ್ಮನಿದ್ದು, ಬಿಸಿಲು ನೆತ್ತಿಯನ್ನು ಸುಡುವ ದಿನಗಳಲ್ಲಿ ಎಲೆಯೂ ಇಲ್ಲದೆ ಒಂದು ಬರಿಯ ದಂಟನ್ನು ಎತ್ತಿ, ತುದಿಯಲ್ಲಿ ಅಂಗೈಯಗಲದ ಕೆಂಪು ಹೂಗಳನ್ನು ದಿಕ್ಕಿಗೊಂದರಂತೆ ಬಿಡುತ್ತದೆ. ನನ್ನ ತವರಿನವರು ಗಡ್ಡಿ ಹೂ ಎನ್ನುತ್ತಾರೆ. ರೋಣದಲ್ಲಿ ಸಸಿ ಮಾರುವವರೊಬ್ಬರು ಅದು ಅಮರಿಲ್ಲಿಸ್ ಎಂದು ಹೇಳಿದರು. ಮನೆಗೆ ಬಂದು ಆ ಹೆಸರನ್ನು ನಾನು ಬಿಗುಮಾನದಿಂದ ಉಚ್ಚರಿಸಿದಾಗ, ನನ್ನ ಗಂಡ ರೊಟ್ಟಿ ಮುರಿಯುತ್ತಲೇ ಅದನ್ನೂ ಮುರಿದರು.

"ಅಮರ ಇಲ್ಲಿ ಅಲ್ಲ, ಅಮರ ಅಲ್ಲಿ," ಎಂದು ಆಕಾಶದ ಕಡೆ ಕೈ ತೋರಿಸಿದರು. "ತಿಂದಾಂವ ಸೀದಾ ಅಲ್ಲಿಗೇ ಹೊಕ್ಕಾನ."

ಅವರದು ಯಾವಾಗಲೂ ಹಾಗೆಯೇ. ಮಾಗಿ ಮುಗಿದ ಮೇಲೆ ಟ್ರ್ಯಾಕ್ಟರ್ ಹೊಡೆದು ಊರೂರಿನ ಎರೆಹೊಲಗಳನ್ನು ನೇಗಿಲಿನಿಂದ ಮಗುಚುವುದು ಅವರ ಉದ್ಯೋಗ, ನನ್ನ ಅಂಜಿಕೆಗಳನ್ನು ಮಗುಚಿ ನಗುವುದು ಬಿಡುವಿನ ಉದ್ಯೋಗ.

ಆ ಗಡ್ಡೆಗಳು ನನಗೆ ಬಂದದ್ದು ಗಜೇಂದ್ರಗಡದ ತವರಿನಿಂದ. ನಮ್ಮದು ಸೀರೆ ನೇಯುವ ಮನೆತನ. ನಡುಮನೆಯ ನೆಲದಲ್ಲಿ ಮಗ್ಗದ ಕುಣಿ, ಆ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತ ಅವ್ವ, ಅವಳ ಕಣ್ಣಿಗೆ ನೇರವಾಗಿ ಹಿತ್ತಲ ಬಾಗಿಲು, ಬಾಗಿಲಾಚೆ ದನಕ್ಕೆ ನೀರಿಡುತ್ತಿದ್ದ ಹಳೆಯ ಕಲ್ಲಿನ ಡೋಣಿಯಲ್ಲಿ ಈ ಗಡ್ಡೆಗಳು. ದಿನವೆಲ್ಲ ಎಳೆ ನೋಡಿ ದಣಿದ ಕಣ್ಣಿಗೆ ದೂರದಲ್ಲೊಂದು ಕೆಂಪು ಬೇಕು ಎಂಬುದು ಅವಳ ಲೆಕ್ಕ. ಬಣ್ಣ ಹಾಕಿಸಿ ತಂದ ನೂಲಿನ ಲಡಿಯನ್ನು ಆ ಹೂವಿನ ಪಕ್ಕ ಹಿಡಿದು ನೋಡಿ, ಅಂಚಿನ ಕೆಂಪು ಸೋತಿದೆಯೋ ಗೆದ್ದಿದೆಯೋ ಹೇಳುತ್ತಿದ್ದಳು. ಬಹುತೇಕ ಸೋತೇ ಇರುತ್ತಿತ್ತು. ಒಮ್ಮೆ ಪಕ್ಕದ ಮನೆಯ ಆಡೊಂದು ಬಂದು ಒಂದು ಗಡ್ಡೆಯನ್ನು ಅರ್ಧ ಕಡಿಯಿತು. ಸಂಜೆಯೊಳಗೆ ಬಾಯಲ್ಲಿ ನೊರೆ ಸುರಿಸುತ್ತ ಕಾಲು ಚೆಲ್ಲಿ ಮಲಗಿದ್ದ ಆ ಆಡಿನ ಹೊಟ್ಟೆ ಏರಿಳಿಯುವುದನ್ನು ನಾನು ಕಂಬ ಹಿಡಿದುಕೊಂಡು ನೋಡಿದೆ. ಅದು ಉಳಿಯಲಿಲ್ಲ. ಅವ್ವ ಅಂದೇ ಡೋಣಿಯ ಸುತ್ತ ಕಲ್ಲು ಕಟ್ಟಿಸಿದಳು, ಆದರೆ ಗಡ್ಡೆಯನ್ನು ಕಿತ್ತೊಗೆಯಲಿಲ್ಲ.

ನನ್ನ ಮದುವೆಯಾದ ಹೊಸದರಲ್ಲಿ ಮರಿಗಡ್ಡೆಗಳನ್ನು ಸೀರೆಯ ತುಂಡಿನಲ್ಲಿ ಕಟ್ಟಿಕೊಟ್ಟು ಅವಳು ಹೇಳಿದ್ದು ಇಷ್ಟೇ: "ಚಂದ ನೋಡು, ಬಾಯಿಗೆ ಒಯ್ಯಬ್ಯಾಡ. ಹಿಂಗ ಇಟ್ಟಗೊಂಡ ಬಾಳೇ ಮಾಡೂದು ಭಾಳ ಅದಾವ ಜಗತ್ತಿನ್ಯಾಗ."

ಅದನ್ನು ಸಾಕುವುದು ಸುಲಭ, ನನ್ನಂಥವರಿಗೆ ಮಾತ್ರ ಕಷ್ಟ. ಯಾಕೆಂದರೆ ಅದಕ್ಕೆ ಬೇಕಾದ ಆರೈಕೆಯಲ್ಲಿ ಅರ್ಧ ಭಾಗ ಏನನ್ನೂ ಮಾಡದೆ ಇರುವುದು. ನಮ್ಮ ಎರೆಮಣ್ಣಿನಲ್ಲಿ ನೇರವಾಗಿ ನೆಟ್ಟರೆ ಮಳೆಗಾಲದ ತೇವಕ್ಕೆ ಕೊಳೆಯುತ್ತದೆ; ಹಳ್ಳದ ಮರಳು, ಇಟ್ಟಿಗೆಯ ಚೂರು, ಹಳೆಯ ಗೊಬ್ಬರ ಕಲಸಿ, ಗಡ್ಡೆಯ ಕುತ್ತಿಗೆ ಮಣ್ಣಿನ ಮೇಲೆ ಕಾಣುವಂತೆ ಕೂಡಿಸಬೇಕು. ಹೂ ಮುಗಿದ ಮೇಲೆ ಬರುವ ಎಲೆಗಳನ್ನು ಕೊಯ್ಯದೆ ಬಿಸಿಲುಣ್ಣಲು ಬಿಡಬೇಕು, ಮುಂದಿನ ವರ್ಷದ ಹೂವನ್ನು ಅವೇ ದುಡಿದು ಒಳಗಿಡುತ್ತವೆ. ಚಳಿ ಶುರುವಾದಾಗ ನೀರು ನಿಲ್ಲಿಸಬೇಕು. ಎಲೆ ಹಳದಿಯಾಗಿ ಜೋತು ಬೀಳುವುದನ್ನು ನೋಡುತ್ತ, ಪಕ್ಕದಲ್ಲೇ ತುಂಬಿದ ಕೊಡ ಇಟ್ಟುಕೊಂಡು, ಕೈಕಟ್ಟಿ ಕೂಡಬೇಕು. ನಾನು ಮೊದಲ ಕೆಲವು ವರ್ಷ ತಡೆಯಲಾರದೆ ಕದ್ದು ನೀರು ಹಾಕಿ ಗಡ್ಡೆಗಳನ್ನು ಕೊಳೆಸಿದೆ. ಬಾಯಾರಿಕೆಯನ್ನು ತಾಳಬಲ್ಲವರಿಗೆ ನೀರು ಕುಡಿಸುವುದು ಉಪಕಾರವಲ್ಲ, ಅವರ ಮೇಲಿನ ಅಪನಂಬಿಕೆ. ಇದು ನನಗೆ ತಿಳಿಯುವಷ್ಟರಲ್ಲಿ ಉಳಿದದ್ದು ಮೂರೇ ಮೂರು ಗಡ್ಡೆ.

ಒಣನಾಡಿನಲ್ಲಿ ನೀರನ್ನು ಒಳಗೆ ಕೂಡಿಟ್ಟುಕೊಂಡವರಿಗೆ ಕಾವಲು ಬೇಕಾಗುತ್ತದೆ ಎಂದು ಆಗಾಗ ಯೋಚಿಸಿದ್ದೇನೆ. ಜಾಲಿಗೆ ಮುಳ್ಳಿದೆ, ಎಕ್ಕೆಗೆ ಹಾಲಿದೆ, ಉಳ್ಳಾಗಡ್ಡಿಗೆ ಘಾಟಿದೆ. ಆ ಘಾಟು ಕೂಡ ನಮ್ಮನ್ನು ದೂರವಿಡಲೆಂದೇ ಹುಟ್ಟಿದ್ದಿರಬೇಕು. ನಾವು ಎಂಥ ಮಂದಿ ನೋಡಿ, ಅದಕ್ಕೇ ಮನಸೋತು, ಮುಷ್ಟಿಯಿಂದ ಗುದ್ದಿ, ಉಪ್ಪು ಹಚ್ಚಿ, ರೊಟ್ಟಿಯ ಜೊತೆ ಕಣ್ಣೀರು ಸುರಿಸುತ್ತ ತಿನ್ನುತ್ತೇವೆ. ಗಡ್ಡಿ ಹೂವಿನದು ಮಾತ್ರ ಸದ್ದಿಲ್ಲದ ಕಾವಲು. ಅದಕ್ಕೆ ವಾಸನೆ ಇಲ್ಲ, ಮುಳ್ಳಿಲ್ಲ, ಕೊಯ್ದರೆ ಕಣ್ಣು ಉರಿಯುವುದಿಲ್ಲ. ಒಳಗೆ ಏನಿದೆ ಎಂದು ಹೇಳುವ ಯಾವ ಗುರುತನ್ನೂ ಅದು ಮೈಮೇಲೆ ಇಟ್ಟುಕೊಂಡಿಲ್ಲ, ಹೂ ಬಿಡುವ ಆ ಒಂದು ವಾರದ ಹೊರತು.

ಆ ಬೇಸಿಗೆಗೆ ಮುಂಚಿನ ಚಳಿಗಾಲದಲ್ಲಿ ಕುಂಡದ ಮಣ್ಣು ಕಲ್ಲಾಗಿತ್ತೆಂದು ಮೂರನ್ನೂ ಕಿತ್ತು, ಒಣಬೇರು ಸವರಿ, ಹಳೆಯ ಮರದಲ್ಲಿ, ಅಂದರೆ ಕಾಳು ಕೇರುವ ಬಿದಿರಿನ ಮೊರದಲ್ಲಿ ಹರವಿ, ಪಡಸಾಲೆಯ ಎತ್ತರದ ಹಲಗೆಯ ಮೇಲಿಟ್ಟೆ. ಎತ್ತರದಲ್ಲಿ ಇಟ್ಟದ್ದು ಯಾಕೆಂದು ನಿಮಗೆ ಗೊತ್ತಾಗಿರಬೇಕು. ಅತ್ತೆಗೆ ಅದಕ್ಕೂ ಎರಡು ವರ್ಷದ ಹಿಂದೆ ಬಂದ ಜ್ವರವೊಂದು ಹೋಗುವಾಗ ಅವರ ಮೂಗಿನ ಶಕ್ತಿಯನ್ನು ಕೂಡ ಒಯ್ದಿತ್ತು. ಅವರು ಅದನ್ನು ಯಾರಿಗೂ ಹೇಳಿರಲಿಲ್ಲ. ಒಲೆಯ ಮೇಲೆ ಹಾಲು ಸೀದು ಓಣಿಯೆಲ್ಲ ನಾತ ಹರಡಿದಾಗ ಪಕ್ಕದಲ್ಲೇ ಕುಳಿತು ಮೆಂತ್ಯೆ ಸೊಪ್ಪು ಸೋಸುತ್ತಿದ್ದ ಅವರನ್ನು ಕಂಡು ನನಗೆ ತಿಳಿದಿತ್ತು. ಅವರು ಮುಚ್ಚಿಟ್ಟದ್ದನ್ನು ನಾನೂ ಮುಚ್ಚಿಟ್ಟೆ. ಮನೆಯಲ್ಲಿ ಅಡುಗೆಯ ಒಗ್ಗರಣೆಯಿಂದ ಹಿಡಿದು ಮಗನ ಕಿಸೆಯ ತನಕ ಅವರ ಕೈ ಆಡಬೇಕು ಎಂಬ ಅವರ ಆಸೆ ನನಗೆ ಗೊತ್ತಿತ್ತು.

ಬಿಸಿಲು ಬಲಿತ ಮೇಲೆ ಒಂದು ದಿನ ಅಕ್ಕನ ಮನೆಯ ಕಾರ್ಯಕ್ಕೆಂದು ಗಜೇಂದ್ರಗಡಕ್ಕೆ ಹೋಗಿ ಅಲ್ಲೇ ಉಳಿದೆ. ಆ ಸಂಜೆ ಅಬ್ಬಿಗೇರಿಯಲ್ಲಿ ಗಾಳಿಮಳೆ ಎದ್ದಿತು. ಅಂಗಳದಲ್ಲಿ ಒಣಹಾಕಿದ್ದ ಉಳ್ಳಾಗಡ್ಡಿಯನ್ನು ಅತ್ತೆ ಒಬ್ಬರೇ ಸೆರಗು ಕಟ್ಟಿ ಪಡಸಾಲೆಗೆ ತಂದು ಸುರಿದು ಬುಟ್ಟಿಗೆ ತುಂಬಿಸಿದ್ದಾರೆ. ಗಾಳಿಗೆ ಹಲಗೆಯ ಮೇಲಿನ ಮರ ಕೆಳಗೆ ಬಿದ್ದು ಮೂರು ಗಡ್ಡೆಗಳೂ ಉರುಳಿ ಬಂದು ಆ ರಾಶಿಯನ್ನು ಸೇರಿವೆ. ಮಂದಬೆಳಕಿನಲ್ಲಿ, ಧಾವಂತದಲ್ಲಿ, ಗುಂಡಗಿದ್ದದ್ದೆಲ್ಲ ಉಳ್ಳಾಗಡ್ಡಿಯೇ. ಅವರು ಒಂದನ್ನೂ ಬಿಡದೆ ಆರಿಸಿ ತುಂಬಿದ್ದಾರೆ.

ಮರುದಿನ ಹೊತ್ತೇರಿದ ಮೇಲೆ ಬಸ್ಸಿಳಿದು ಮನೆಗೆ ಬಂದ ನನಗೆ ಮೊದಲು ಕಂಡದ್ದು ಬೋರಲು ಬಿದ್ದಿದ್ದ ಮರ. ಚೀಲ ಕೆಳಗಿಡದೆ ಕೇಳಿದೆ.

"ಅತ್ತೀ, ಇದರಾಗಿನ ಗಡ್ಡಿ ಎಲ್ಲೆದಾವ್ರಿ?"

"ಗಡ್ಡಿ ಎಲ್ಲಾ ಬುಟ್ಟ್ಯಾಗ ತುಂಬೇನಿ ತಗೋ. ಒಂದೂ ತೊಯ್ಯಾಕ ಬಿಟ್ಟಿಲ್ಲ," ಎಂದರು ಅತ್ತೆ, ಶಹಬ್ಬಾಸ್ ಅನ್ನಿಸಿಕೊಳ್ಳುವ ದನಿಯಲ್ಲಿ.

ನಾನು ಬುಟ್ಟಿಯನ್ನು ನೆಲಕ್ಕೆ ಸುರಿದು, ಒಂದೊಂದಾಗಿ ಕೈಗೆತ್ತಿ ಮೂಸಿ ಮೂಸಿ ಬದಿಗಿಡತೊಡಗಿದೆ. ಅತ್ತೆ ನನ್ನನ್ನು ಹುಚ್ಚಿಯನ್ನು ನೋಡುವಂತೆ ನೋಡಿದರು. ಘಾಟಿಲ್ಲದ ಗಡ್ಡೆ ಒಂದು ಸಿಕ್ಕಿತು, ತಳದಲ್ಲಿ ಇನ್ನೊಂದು. ಮೂರನೆಯದು ಇರಲಿಲ್ಲ. ಮತ್ತೊಮ್ಮೆ ಮೂಸಿದೆ, ಇರಲಿಲ್ಲ.

"ಮುಂಜಾನಿ ಅವರ ಕಿಸೆದಾಗ ಯಾವುದು ಹಾಕಿದ್ರಿ?"

"ಎಲ್ಲಾದ್ರಾಗ ಚಲೋದು ಆರಿಸಿ ಹಾಕೇನಿ. ಇಷ್ಟ ದೊಡ್ಡದಿತ್ತು," ಎಂದು ಅತ್ತೆ ಎರಡೂ ಕೈ ಬಟ್ಟಲು ಮಾಡಿ ತೋರಿಸಿದರು. "ಕಿಸೆದಾಗ ಹಿಡೀಲಿಲ್ಲ, ಒತ್ತಿ ಒತ್ತಿ ಕೂಡಿಸಿದೆ."

"ಬುತ್ತ್ಯಾಗ ಬ್ಯಾರೆ ಉಳ್ಳಾಗಡ್ಡಿ ಇಟ್ಟಿದ್ರೇನ್ರಿ?"

"ಇಲ್ಲವಾ, ಗಡಿಬಿಡ್ಯಾಗ ಮರತೆ."

ಹಗ್ಗವನ್ನು ಹಾವೆಂದು ಅಂಜಿದವರ ಮಾತು ಬೇಕಾದಷ್ಟು ಕೇಳಿದ್ದೇವೆ. ಹಾವನ್ನೇ ಹಗ್ಗವೆಂದು ಮಗನ ಮೈಗೆ ಕಟ್ಟಿ ಕಳಿಸಿದ ತಾಯಿಗೆ ಏನೆಂದು ಹೇಳುವುದು? ಫೋನ್ ಹಚ್ಚಿದೆ, ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದು ಆ ಹೆಣ್ಣುದನಿ ತಣ್ಣಗೆ ಹೇಳಿತು. ಅವರು ಆ ವಾರ ಯಾವಗಲ್ ಎಂಬ ಊರಿನ ಹೊಲಗಳಲ್ಲಿ ನೇಗಿಲು ಹೊಡೆಯುತ್ತಿದ್ದರು. ಟ್ರ್ಯಾಕ್ಟರನ್ನು ಅಲ್ಲೇ ನಿಲ್ಲಿಸಿ ದಿನಾ ಬೈಕಿನ ಮೇಲೆ ಹೋಗಿ ಬರುತ್ತಿದ್ದರು. ಒಳಗಿನ ಹೊಲಗಳಲ್ಲಿ ಫೋನು ಹತ್ತುವುದಿಲ್ಲ ಎಂಬುದು ನನಗೆ ಗೊತ್ತಿದ್ದ ಸಂಗತಿಯೇ, ಆದರೂ ರೋಣದ ಬಸ್ಸು ಹತ್ತಿದ ಮೇಲೆಯೂ ಹಚ್ಚುತ್ತಲೇ ಇದ್ದೆ. ಹೋಗುವ ಮೊದಲು ಬಾಗಿಲಲ್ಲಿ ತಿರುಗಿ, ಉಳಿದ ಎರಡು ಗಡ್ಡೆಗಳನ್ನು ತೋರಿಸಿ, ಇವನ್ನ ಮುಟ್ಟಬ್ಯಾಡ್ರಿ, ಇವು ವಿಷ ಎಂದೆ. ಅತ್ತೆಯ ಕೈಗಳು ಇನ್ನೂ ಬಟ್ಟಲಿನಾಕಾರದಲ್ಲೇ ಇದ್ದವು. ಅವರಿಗೆ ಆಗ ಅರ್ಥವಾಯಿತು.

ರೋಣದಲ್ಲಿ ಯಾವಗಲ್ಲಿನ ಬಸ್ಸಿಗೆ ಕಾಯುವಾಗ ನನ್ನ ತಲೆಯಲ್ಲಿ ಓಡಿದ್ದನ್ನೆಲ್ಲ ಬರೆದರೆ ನಿಮಗೂ ಎದೆ ಹಾರೀತು. ಅಂಜಿದವರ ಮೇಲೆ ಕಪ್ಪೆ ಎಸೆದಂತೆ ಅನ್ನುತ್ತಾರಲ್ಲ, ನನ್ನ ಮೇಲೆ ಅಂದು ಕೆರೆಯನ್ನೇ ಎಸೆದಿದ್ದರು. ಕಂಬ ಹಿಡಿದು ನೋಡಿದ ಆ ಆಡಿನ ಹೊಟ್ಟೆ ಕಣ್ಣ ಮುಂದೆ ಏರಿಳಿಯುತ್ತಿತ್ತು. ನನ್ನ ಗಂಡ ಊಟಕ್ಕೆ ಕುಳಿತರೆ ಉಳ್ಳಾಗಡ್ಡಿ ಇಲ್ಲದೆ ರೊಟ್ಟಿ ಮುರಿಯುವುದಿಲ್ಲ; ಒಬ್ಬರೇ ತಿನ್ನುವುದೂ ಇಲ್ಲ, ಗುದ್ದಿದ್ದನ್ನು ಪಕ್ಕದವರ ರೊಟ್ಟಿಯ ಮೇಲೂ ಇಡುವ ಕೈ ಅವರದು. ಆ ಗುಣಕ್ಕೆ ಮೆಚ್ಚಿದವಳು ನಾನು, ಅಂದು ಅದೇ ಗುಣಕ್ಕೆ ಹೆದರಿದೆ. ಇಷ್ಟು ವರ್ಷ ದಿನಕ್ಕೆ ಹತ್ತು ಸಲ ಸುಳ್ಳು ಅಂಜಿಕೆಗಳನ್ನು ಅಂಜಿ ದಣಿದಿದ್ದೆ. ಖರೇ ಅಂಜಿಕೆ ಎದುರು ನಿಂತಾಗ ಅದಕ್ಕೆ ಕೊಡಲು ನನ್ನಲ್ಲಿ ಹೊಸದೇನೂ ಉಳಿದಿರಲಿಲ್ಲ, ಹಳೆಯ ನಡುಕವನ್ನೇ ಕೊಟ್ಟೆ. ಇಟಗಿಯ ಭೀಮವ್ವನಿಗೆ ಬೇಡಿಕೊಂಡೆ. ಆಮೇಲೆ ನೀರು ಹಾಕಿ ಕೊಳೆಸದೆ ಉಳಿಸಿದ ಆ ಗಡ್ಡೆಯ ಮೇಲೆ ಸಿಟ್ಟು ಬಂತು, ಅದನ್ನು ಕಟ್ಟಿಕೊಟ್ಟ ಅವ್ವನ ಮೇಲೆ ಕೂಡ.

ಬಸ್ಸಿಳಿದು ಹೊಲ ಹುಡುಕಿ ಹೋಗುವಷ್ಟರಲ್ಲಿ ಸೂರ್ಯ ನೆತ್ತಿ ದಾಟಿದ್ದ. ನೇಗಿಲು ಹಾದ ಎರೆಹೊಲದಲ್ಲಿ ತಲೆಗಾತ್ರದ ಮಣ್ಣಿನ ಹೆಂಟೆಗಳು ಎದ್ದು ನಿಂತಿರುತ್ತವೆ, ನಡೆದರೆ ಕಾಲು ತಿರುಚುತ್ತದೆ. ಬೀಳುತ್ತ ಏಳುತ್ತ ಬೇವಿನ ಮರದ ಕಡೆ ಹೋದೆ. ಕರಿಕೆ ಹುಲ್ಲು ಆರಿಸಲು ಬಂದ ಕೂಲಿ ಹೆಂಗಸರು ನೆರಳಿನಲ್ಲಿ ಬುತ್ತಿ ಗಂಟು ಕಟ್ಟುತ್ತಿದ್ದರು. ನನ್ನ ಗಂಡ ಟ್ರ್ಯಾಕ್ಟರಿನ ಗಾಲಿಗೆ ಒರಗಿ, ರುಮಾಲಿನಿಂದ ಮುಖ ಮುಚ್ಚಿಕೊಂಡು ಕಾಲು ಚಾಚಿ ಮಲಗಿದ್ದರು. ರುಮಾಲು ಏರಿಳಿಯುತ್ತಿತ್ತು. ಕಿಸೆ ಚಪ್ಪಟೆಯಾಗಿತ್ತು.

"ಊಟ ಆತೇನ್ರಿ?" ಎಂದೆ.

ದಿನಕ್ಕೆ ಎಷ್ಟು ಸಲ ಕೇಳುವ ಮಾತು ಇದು. ಓಣಿಯಲ್ಲಿ, ಬಸ್ಸಿನಲ್ಲಿ, ಫೋನಿನಲ್ಲಿ, ಉತ್ತರಕ್ಕೆ ಕಾಯದೆ ಕೇಳಿ ಮುಂದೆ ಸಾಗುವ ಮಾತು. ಅಂದು ಮಾತ್ರ ಅದರ ಉತ್ತರದ ಮೇಲೆ ನನ್ನ ಬಾಳೆಲ್ಲ ನಿಂತಿತ್ತು.

ಅವರು ರುಮಾಲು ಸರಿಸಿ ಕಣ್ಣು ಪಿಳುಕಿಸಿದರು. "ಆತು. ನೀ ಯಾಕ ಬಂದಿ?"

"ಉಳ್ಳಾಗಡ್ಡಿ?"

"ಅವ್ವ ಬುತ್ತ್ಯಾಗ ಇಟ್ಟಿರಲಿಲ್ಲ. ಈ ಅಕ್ಕಾರು ಕೊಟ್ಟರು, ತಿಂದೆ."

"ಕಿಸೆದಾಗಿಂದು?"

"ಅದನ್ನ ಯಾರರ ತಿಂತಾರೇನ?" ಎಂದು ಎದ್ದು ಕುಳಿತರು. "ಬಿಸಲ ಕುಡದದ್ದು ವಿಷ ಆಗಿರತೈತಿ, ತಿನ್ನಬಾರದು, ಮನಿಗೂ ತರಬಾರದು ಅಂತ ಅವ್ವ ಸಣ್ಣಂದಿನಿಂದ ಹೇಳ್ಯಾಳ. ಎದಿಗೆ ಒತ್ತತಿತ್ತು, ಗಾಡಿ ಮ್ಯಾಲಿಂದ ಒಗದಬಿಟ್ಟೆ."

ನಾನು ಅಲ್ಲೇ ಹೆಂಟೆಗಳ ಮೇಲೆ ಕುಸಿದು ಕುಳಿತು ಗಟ್ಟಿಯಾಗಿ ಅತ್ತುಬಿಟ್ಟೆ. ಕೂಲಿ ಹೆಂಗಸರು ಗಂಡ ಹೆಂಡತಿ ಜಗಳವೆಂದು ತಿಳಿದು ಬೇರೆ ಕಡೆ ಮುಖ ತಿರುಗಿಸಿದರು. ಉಳ್ಳಾಗಡ್ಡಿ ಬಿಸಿಲನ್ನು ಕುಡಿದು ವಿಷವಾಗುತ್ತದೆ ಎಂಬ ಮಾತನ್ನು ನಾನು ಎಂದೂ ನಂಬಿದವಳಲ್ಲ, ಅವರು ಅದನ್ನು ಪಾಲಿಸುತ್ತಾರೆಂದು ಎಣಿಸಿದವಳೂ ಅಲ್ಲ. ಈಗಲೂ ಪೂರಾ ನಂಬುವುದಿಲ್ಲ. ಆದರೆ ಇಲ್ಲದ ವಿಷಕ್ಕೆ ಅಂಜುವುದನ್ನು ತಾಯಿ ಕಲಿಸಿದ್ದರಿಂದ, ಅದೇ ತಾಯಿ ಅರಿಯದೆ ಕಿಸೆಯಲ್ಲಿಟ್ಟ ಇರುವ ವಿಷದಿಂದ ಮಗ ಉಳಿದಿದ್ದ. ಇದನ್ನು ಯಾವ ತಕ್ಕಡಿಯಲ್ಲಿಟ್ಟು ತೂಗಬೇಕೆಂದು ನನಗೆ ಇಂದಿಗೂ ತಿಳಿದಿಲ್ಲ.

ನನ್ನ ಸಮಾಧಾನ ಬಹಳ ಹೊತ್ತು ಬಾಳಲಿಲ್ಲ. ಕಣ್ಣೊರೆಸಿಕೊಂಡು ಎದ್ದವಳಿಗೆ ಹೊಳೆಯಿತು, ಗಡ್ಡೆ ಈಗ ಹೊಲದಲ್ಲಿದೆ. ಎಲ್ಲಿ ಒಗೆದಿರಿ ಎಂದರೆ ಅವರು ಕೈಯನ್ನು ದಿಗಂತದುದ್ದಕ್ಕೂ ಆಡಿಸಿ, ಅತ್ತಾಗ ಎಲ್ಲೋ ಎಂದರು. ಇಬ್ಬರೂ ಸಂಜೆಯವರೆಗೆ ಹುಡುಕಿದೆವು. ಕರಿ ಹೆಂಟೆಗಳ ನಡುವೆ ಮಣ್ಣು ಮೆತ್ತಿದ ಒಂದು ಗಡ್ಡೆಯನ್ನು ಹುಡುಕುವುದೆಂದರೆ ಹೆಂಟೆಗಳಲ್ಲಿ ಹೆಂಟೆಯನ್ನು ಹುಡುಕಿದಂತೆ. ದಾರಿಯಲ್ಲಿ ಬಿದ್ದ ಉಳ್ಳಾಗಡ್ಡಿಯನ್ನು ಕಂಡರೆ ನಮ್ಮ ಮಂದಿ ದಾಟಿ ಹೋಗುವುದಿಲ್ಲ, ಎತ್ತಿ ಉಡಿಗೆ ಹಾಕಿಕೊಳ್ಳುತ್ತಾರೆ. ನಾನು ಕೂಲಿ ಹೆಂಗಸರ ಮುಂದೆ ನಿಂತು, ಇಂಥಾದ್ದು ಸಿಕ್ಕರೆ ಮುಟ್ಟಬೇಡಿ, ತಿನ್ನಬೇಡಿ, ತಿಂದರೆ ಜೀವಕ್ಕೆ ಕುತ್ತು ಎಂದು ಕೈಮುಗಿದು ಹೇಳಿದೆ.

ಅವರಲ್ಲಿ ಹಿರಿಯಳಾಗಿದ್ದ ದೇವಕ್ಕ ಎಂಬಾಕೆ ಸೆರಗಿನಲ್ಲಿ ನಗು ಮುಚ್ಚಿಕೊಂಡು, "ಆತ ಬಿಡವಾ, ಸಿಕ್ಕರ ನಿನ್ನ ಗಂಡಗ ಕಳಸತೇವಿ," ಎಂದಳು. "ಹಿಂಗ ಹುಡಕ್ಕೋತ ಬಂದೀ ಅಂದ್ರ ಗಡ್ಡ್ಯಾಗ ಬಂಗಾರ ಐತೇನ ಅಂತ ಮಾಡಿದ್ವಿ."

ಮನೆಗೆ ಬಂದಾಗ ಅತ್ತೆ ಹೊಸ್ತಿಲ ಮೇಲೆ ಕುಳಿತಿದ್ದರು. ಬೈಕಿನಿಂದ ಇಳಿದ ಮಗನ ಮುಖವನ್ನು ಎರಡೂ ಕೈಯಿಂದ ಸವರಿದರು, ಎದೆ ಸವರಿದರು, ಚಪ್ಪಟೆಯಾದ ಕಿಸೆಯನ್ನು ಸವರಿದರು. ಅವರು ಹೇಳಿದ್ದು ಒಂದೇ ಮಾತು.

"ನನ್ನ ಮೂಗ ಸತ್ತೈತಿ. ಎರಡ ವರ್ಷ ಆತು."

ನನಗೆ ಗೊತ್ತಿದ್ದುದನ್ನು ಮುಚ್ಚಿಟ್ಟುಕೊಂಡೇ ಒಳಗೆ ಹೋಗಿ ಒಲೆ ಹಚ್ಚಿದೆ. ಮರುದಿನ ಮುಂಜಾನೆ ಅವರು ಬುಟ್ಟಿಯ ಬಳಿ ಹೋಗಲಿಲ್ಲ. ಅದರ ಮರುದಿನವೂ ಹೋಗಲಿಲ್ಲ. ಒಲೆಯ ಮುಂದಿನಿಂದಲೂ ಎದ್ದು ಬಂದು, ಪಡಸಾಲೆಯ ಮೂಲೆಯಲ್ಲಿ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕೂಡತೊಡಗಿದರು. ನಾನು ಒಂದು ಉಳ್ಳಾಗಡ್ಡಿಯನ್ನು ಮೂಸಿ ಕೊಟ್ಟು, ಕೊಡ್ರಿ ಅವರಿಗೆ ಎಂದರೆ, ನೀನೇ ಕೊಡು ಎಂದು ಮುಖ ತಿರುಗಿಸಿದರು. ನಾನು ಕೊಟ್ಟದ್ದನ್ನು ನನ್ನ ಗಂಡ ತೆಗೆದುಕೊಳ್ಳಲಿಲ್ಲ. ಅವ್ವ ಕೊಡದ ಉಳ್ಳಾಗಡ್ಡಿಗೆ ಬಿಸಿಲು ಎಲ್ಲಿ ಅಂಜುತ್ತದೆ ಎಂದು ತಮಾಷೆ ಮಾಡಿ ಹೊರಟರು, ಆದರೆ ಆ ತಮಾಷೆಗೆ ಅವರಿಗೇ ನಗು ಬರಲಿಲ್ಲ. ಕಿಸೆಯ ಉಳ್ಳಾಗಡ್ಡಿಯಿಂದ ಏನೂ ಆಗುವುದಿಲ್ಲ ಎಂದು ವಾದಿಸುತ್ತಿದ್ದವಳು ನಾನೇ. ಖಾಲಿ ಕಿಸೆ ಬಿಸಿಲಿಗೆ ಇಳಿಯುವುದನ್ನು ನೋಡುತ್ತ ಓಣಿಯ ತಿರುವಿನ ತನಕ ಹಿಂದೆ ಹೋದವಳೂ ನಾನೇ.

ಹೀಗೆ ಎರಡು ಅಂಜಿಕೆಗಳನ್ನು ಕಂಕುಳಲ್ಲಿಟ್ಟುಕೊಂಡು ಆ ದಿನಗಳನ್ನು ಕಳೆದೆ. ಯಾವಗಲ್ಲಿನಿಂದ ಯಾರೇ ಬಂದರೂ, ಎಲ್ಲಾರೂ ಆರಾಮ ಅದಾರೇನ್ರಿ ಎಂದು ಕೇಳುತ್ತಿದ್ದೆ. ಅಲ್ಲಿ ನಿಮ್ಮ ಬೀಗರು ಇದ್ದಾರೆಯೇ ಎಂದು ಅವರು ಕೇಳುತ್ತಿದ್ದರು. ನರಗುಂದದ ದವಾಖಾನೆಗೆ ಯಾರನ್ನೋ ವಾಂತಿಯೆಂದು ಒಯ್ದರಂತೆ ಎಂಬ ಸುದ್ದಿ ಕೇಳಿ, ಅದು ಮದುವೆ ಊಟದ ಹೆಚ್ಚಳವೆಂದು ತಿಳಿಯುವವರೆಗೆ ಹೊಲಿಗೆ ಯಂತ್ರದ ಮುಂದೆ ಕೂಡಲಿಲ್ಲ. ಉಳಿದ ಎರಡು ಗಡ್ಡೆಗಳನ್ನು ಒಗೆದುಬಿಡಬೇಕೆಂದು ನೂರು ಸಲ ಅಂದುಕೊಂಡೆ. ಆದರೆ ಒಗೆಯುವುದಾದರೂ ಎಲ್ಲಿ? ತಿಪ್ಪೆಗೆ ಒಗೆದರೆ ದನ, ಬಯಲಿಗೆ ಒಗೆದರೆ ಆಡು, ಹಳ್ಳಕ್ಕೆ ಒಗೆದರೆ ಯಾರೋ ಕೆಳಗಿನವರು. ಒಮ್ಮೆ ಸಾಕಿದ್ದನ್ನು ಜಗತ್ತಿಗೆ ಬಿಟ್ಟುಕೊಡುವುದಕ್ಕಿಂತ ಕಣ್ಣೆದುರು ಇಟ್ಟುಕೊಂಡು ಕಾಯುವುದೇ ವಾಸಿ ಎಂಬುದು, ಆಡು ಸತ್ತ ಮೇಲೆಯೂ ಡೋಣಿಗೆ ಕಲ್ಲು ಕಟ್ಟಿಸಿದ ಅವ್ವನಿಗೆ ಗೊತ್ತಿದ್ದಿರಬೇಕು. ಎರಡನ್ನೂ ಕುಂಡದಲ್ಲಿ ನೆಟ್ಟು ಸುತ್ತ ಮುಳ್ಳು ಹಚ್ಚಿದೆ.

ಬಿಸಿಲು ಇನ್ನೂ ಏರಿತು. ಒಂದು ಸಂಜೆ ನನ್ನ ಗಂಡ ರುಮಾಲಿನ ಗಂಟೊಂದನ್ನು ಬೈಕಿನ ಹಿಡಿಕೆಗೆ ತೂಗುಹಾಕಿಕೊಂಡು ಬಂದರು. ಗಂಟಿನ ಬಾಯಿಂದ ಒಂದು ಸೊಟ್ಟ ದಂಟು ಹೊರಬಂದು, ಅದರ ತುದಿಯಲ್ಲಿ ಮೂರು ಕೆಂಪು ಹೂಗಳು ಗಾಳಿಗೆ ಸ್ವಲ್ಪ ಹರಿದು ಅಲ್ಲಾಡುತ್ತಿದ್ದವು. ದೇವಕ್ಕನಿಗೆ ಬದುವಿನ ಮಗ್ಗುಲಲ್ಲಿ ಸಿಕ್ಕಿತಂತೆ. ಮೈ ಮುಚ್ಚಲು ಮಣ್ಣಿಲ್ಲ, ನೀರಿಲ್ಲ, ಬೇರು ಊರಲು ಆಸರೆಯಿಲ್ಲ. ಎರಡು ಹೆಂಟೆಗಳ ನಡುವೆ ಅಡ್ಡಬಿದ್ದ ಗಡ್ಡೆ ತಾನು ಹಿಂದಿನ ಮಳೆಯಲ್ಲಿ ಕೂಡಿಟ್ಟುಕೊಂಡದ್ದನ್ನೇ ಉಂಡು, ದಂಟನ್ನು ಮೊಣಕೈಯಂತೆ ಬಾಗಿಸಿ ಮೇಲೆತ್ತಿ ಹೂ ಬಿಟ್ಟಿತ್ತು. ಅಷ್ಟಗಲದ ಕಪ್ಪು ಹೊಲದಲ್ಲಿ ಆ ಕೆಂಪು ಎಲ್ಲಿಂದ ನೋಡಿದರೂ ಕಾಣುತ್ತಿತ್ತಂತೆ.

"ದೇವಕ್ಕ ಏನಂದಳು ಗೊತ್ತೈತೇನ?" ಎಂದರು ನನ್ನ ಗಂಡ. "ನಿನ್ನ ಹೇಣತಿ ಹುಡುಕೂದು ಬಿಟ್ಟ ಮ್ಯಾಲೆ ಅದೇ ಕೈ ಎತ್ತಿ ಹಾಜರಿ ಹೇಳೇತಿ ಅಂದಳು."

ನಾನು ಅದನ್ನು ಎರಡೂ ಕೈಯಲ್ಲಿ ಹಿಡಿದು ಕುಳಿತೆ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಉಳ್ಳಾಗಡ್ಡಿಯಲ್ಲ ನಾನು ಎಂದು ಹೇಳಲು ಅದಕ್ಕಿದ್ದದ್ದು ಈ ಒಂದೇ ಬಾಯಿ. ಅದನ್ನು ತೆರೆಯಲು ಬೇಕಾದ ನೀರನ್ನು ಅಷ್ಟು ಬಿಸಿಲಲ್ಲಿ ಹೇಗೋ ಉಳಿಸಿಕೊಂಡಿತ್ತು.

ಮೂಲೆಯಿಂದ ಅತ್ತೆ ಎದ್ದು ಬಂದದ್ದನ್ನು ನಾನು ನೋಡಿರಲಿಲ್ಲ. ನನ್ನ ಕೈಯಲ್ಲಿದ್ದ ಗಡ್ಡೆಯನ್ನು ಬಹಳ ಹೊತ್ತು ದಿಟ್ಟಿಸಿದರು. ಆಮೇಲೆ ಕೆಳಗೆ ಕುಳಿತು, ಉಗುರಿನಿಂದ ಅದರ ಮಗ್ಗುಲನ್ನು ಸ್ವಲ್ಪ ಚಿವುಟಿ, ಮುಖದ ಹತ್ತಿರ ತಂದು ಕಣ್ಣು ಅಗಲಿಸಿ ಹಿಡಿದರು. ಬಾಯಿಗೆ ಹತ್ತಬಾರದು, ಕೈ ತೊಳೀರಿ ಎಂದು ಚಡಪಡಿಸಿದೆ. ಅವರು ಕೇಳಿಸಿಕೊಳ್ಳಲಿಲ್ಲ.

"ಕಣ್ಣಾಗ ನೀರ ಬರವಲ್ದು," ಎಂದರು.

ನಾನು ಸಾಬೂನು ತಂದು ಅವರ ಕೈಯನ್ನು ತೊಳೆಸಿದೆ, ನನ್ನ ತೃಪ್ತಿಗೆ ಇನ್ನೊಮ್ಮೆ ತೊಳೆಸಿದೆ. ಕೈ ಒರೆಸಿಕೊಂಡವರೇ ಬುಟ್ಟಿಯ ಬಳಿ ಹೋಗಿ ಒಂದು ಉಳ್ಳಾಗಡ್ಡಿ ತೆಗೆದು ಅದನ್ನೂ ಹಾಗೆಯೇ ಚಿವುಟಿ ಕಣ್ಣಿಗೆ ಹಿಡಿದರು. ಸ್ವಲ್ಪ ಹೊತ್ತಿಗೆ ಅವರ ಕಣ್ಣು ಕೆಂಪಾಗಿ, ರೆಪ್ಪೆ ಬಡಿದು, ಎರಡೂ ಕೆನ್ನೆಯ ಮೇಲೆ ನೀರಿಳಿಯಿತು. ಅತ್ತೆ ನಮ್ಮಿಬ್ಬರ ಕಡೆ ತಿರುಗಿದಾಗ ಅವರ ಮುಖದಲ್ಲಿ ಆ ಗಾಳಿಮಳೆಯ ಮರುದಿನದಿಂದ ಕಾಣದೆ ಹೋಗಿದ್ದ ಗತ್ತು ಮರಳಿತ್ತು.

"ಮೂಗ ಹೋದರ ಹೋಗಲಿ," ಎಂದರು. "ಕಣ್ಣ ಅದಾವು."

ನೋಡಿ, ಬೆಳ್ಳಗಿದ್ದದ್ದೆಲ್ಲ ಹಾಲಲ್ಲ ಎಂಬುದನ್ನು ಸಣ್ಣಂದಿನಿಂದ ಕೇಳುತ್ತ ಬಂದ ನನಗೆ, ಯಾವುದು ಹಾಲು ಎಂದು ಕಂಡುಹಿಡಿಯುವ ದಾರಿ ಮಾತ್ರ ಯಾರೂ ಹೇಳಿರಲಿಲ್ಲ. ಜೀವಮಾನವಿಡೀ ನನ್ನ ಅಂಜಿಕೆಯನ್ನು ಒಂದು ರೋಗವೆಂದು ನಾಚಿಕೊಂಡಿದ್ದೇನೆ. ಈಗಲೂ ಅದು ಹೋಗಿಲ್ಲ, ಹೋಗುವುದೂ ಇಲ್ಲ. ನಿನ್ನೆ ಕೂಡ ತಿರುವಿನಿಂದ ಮರಳಿ ಬಂದು ಗ್ಯಾಸಿನ ಗುಂಡಿ ಮುಟ್ಟಿದೆ. ಆದರೆ ನಮ್ಮವರು ಎಂದುಕೊಂಡವರು ನಮ್ಮ ಕಣ್ಣಲ್ಲಿ ಒಂದಿಷ್ಟು ನೀರು ತರಿಸಿಯೇ ತರಿಸುತ್ತಾರೆ ಎಂಬ ಮಾತನ್ನು ನಾನು ಆ ಸಂಜೆಯಿಂದ ಅಷ್ಟೊಂದು ಬೇಸರದಿಂದ ಹೇಳುತ್ತಿಲ್ಲ.

ಮೂರು ಗಡ್ಡೆಗಳೂ ಈಗ ಮುಳ್ಳಿನ ಬೇಲಿಯ ಒಳಗಿವೆ. ಮೂರನೆಯದರ ಮೈಮೇಲೆ ಅತ್ತೆಯ ಉಗುರಿನ ಗುರುತು ಇನ್ನೂ ಇದೆ. ಈ ವರ್ಷದ ಶಿವರಾತ್ರಿ ಕಳೆದ ಮೇಲೆ, ಒಂದು ಮುಂಜಾನೆ, ಅತ್ತೆ ಮತ್ತೆ ಬುಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತರು. ಗುಂಡಗಿನ ಒಂದನ್ನು ಆರಿಸಿ, ಸೆರಗಿನಿಂದ ಒರೆಸಿ, ಚಿವುಟಿ ಕಣ್ಣಿಗೆ ಹಿಡಿದರು. ಮಗ ಎದುರಿಗೆ ಬಂದು ಕಿಸೆ ಅಗಲಿಸಿ ನಿಂತ. ಅವರು ಅವಸರ ಮಾಡಲಿಲ್ಲ. ಕಣ್ಣೀರು ಬಂದು, ಕೆನ್ನೆ ದಾಟಿ, ಗದ್ದಕ್ಕೆ ಇಳಿಯುವವರೆಗೂ ಕಾದು, ಆಮೇಲೆ ಉಳ್ಳಾಗಡ್ಡಿಯನ್ನು ಅವನ ಕಿಸೆಗೆ ಇಳಿಬಿಟ್ಟು, "ಚಲೋ ಐತಿ, ಹೋಗಿ ಬಾ," ಎಂದರು.